ಆರು ವರ್ಷದ ಮಗುವಿಗೆ ಒಂದು ಗಂಟೆ ಸಾಕು

ಶಿರಸಿ ಸೀಮೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಗಂಡ ಹೆಂಡತಿ ಊರಿನ ಅಡಿಕೆ ತೋಟಕ್ಕೆ ಮರಳಿದ್ದಾರೆ. ಮಗಳಿಗೆ ಹೋದ ಆಗಸ್ಟಿನಲ್ಲಿ 6 ತುಂಬಿದೆ, ಮಗನಿಗೆ 4. ಪೇಟೆಯ ಶಾಲೆಗೆ ಬೆಳಿಗ್ಗೆ ಏಳಕ್ಕೆ ವ್ಯಾನು. ಮಗಳು ದಿನಾ ಅತ್ತುಕೊಂಡು ಹೋಗುತ್ತಿದ್ದಳಂತೆ. ಹಾಗಾಗಿ ಜೂನ್‌ನಿಂದ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. 'ಒಂಬತ್ತರಿಂದ ಒಂದರವರೆಗೆ ವೇಳಾಪಟ್ಟಿ ಮಾಡಿದೆ. ಹತ್ತೂವರೆಗೆಲ್ಲ ಅವಳ ಅಳು, ನನ್ನ ಕೂಗಾಟ. ಆರು ವರ್ಷವಾದರೂ ಓದಲು ಬರ್ತಿಲ್ಲ. ಯಜಮಾನರು ನೀನು ಮನೆಯಲ್ಲೇ ಇರ್ತೀಯಲ್ಲ ಅಂತಾರೆ. ಅತ್ತೆ ಮಕ್ಕಳು ಹಾಳಾದವು ಅಂತಾರೆ. ಇದು ಕಾನೂನಿಗೆ ಸರಿಯೋ ಇಲ್ಲವೋ ಅದೂ ಗೊತ್ತಿಲ್ಲ. ಸುಮ್ನೆ ಮತ್ತೆ ಶಾಲೆಗೆ ಸೇರಿಸಿಬಿಡಲೇ?' ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಇಷ್ಟು ದಣಿದಿರುವಾಗಲೂ ಕೂತು ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ. ಅದಕ್ಕೇ ನಾನೂ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ಆ ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆದುಬಿಡಿ. ಶಾಲೆಯ ದಿನ ಉದ್ದವಾಗಿರುವುದಕ್ಕೆ ಕಾರಣಗಳಿವೆ. ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು. ಹಾಜರಿ ಆಗಬೇಕು, ಸಾಲು ಮಾಡಿಸಬೇಕು, ಪುಸ್ತಕ ತಿದ್ದಬೇಕು, ಜಗಳ ಬಿಡಿಸಬೇಕು. ಇದರ ನಡುವೆ ಒಂದು ಮಗುವಿನ ಪಾಲಿಗೆ ಟೀಚರು ಪೂರ್ತಿಯಾಗಿ ಸಿಗುವುದು ಕೆಲವೇ ನಿಮಿಷ. ನಿಮ್ಮ ಮಗಳಿಗೆ ನೀವು ಪೂರ್ತಿ ಸಿಗುತ್ತೀರಿ. ಹಾಗಿರುವಾಗ ನಾಲ್ಕು ಗಂಟೆ ಯಾಕೆ ಬೇಕು?

ತಿಂಡಿ ಆದ ಮೇಲೆ ಇಪ್ಪತ್ತು ನಿಮಿಷ ಓದು. ಅಂಗಳಕ್ಕೆ ಹೋಗಿ ಕುಣಿದು ಬಂದ ಮೇಲೆ ಇಪ್ಪತ್ತು ನಿಮಿಷ ಲೆಕ್ಕ. ರಾತ್ರಿ ಮಲಗುವಾಗ ಇಪ್ಪತ್ತು ನಿಮಿಷ ನೀವು ಕತೆ ಓದಿ ಹೇಳುವುದು. ಒಟ್ಟು ಒಂದು ಗಂಟೆ. ಆರು ವರ್ಷದವಳಿಗೆ ಇದಕ್ಕಿಂತ ಜಾಸ್ತಿ ಕೂರಿಸುವ ಪಾಠ ಬೇಡ. ಪಾಠ ಮುಗಿಯಲಿ ಬಿಡಲಿ, ಹೊತ್ತಾದ ಕೂಡಲೇ ಎದ್ದುಬಿಡಿ. ಚೆನ್ನಾಗಿ ಸಾಗುತ್ತಿದ್ದಾಗಲೂ ಎದ್ದುಬಿಡಿ. 'ಇನ್ನೊಂದು ಸ್ವಲ್ಪ ಮಾಡೋಣ ಆಯಿ' ಎಂದು ಅವಳೇ ಕೇಳುವ ಹೊತ್ತಿಗೆ ಎದ್ದರೆ ನಾಳೆ ಕರೆಯುವ ಕಷ್ಟ ನಿಮಗಿರುವುದಿಲ್ಲ.

ಈಗ ಓದಿನ ವಿಷಯ. ಇದೇ ನಿಮ್ಮನ್ನು ಹೆಚ್ಚು ಹೆದರಿಸಿರುವುದು ಅಂತ ಕಾಣುತ್ತದೆ. ಒಂದು ಮಾತು ನೆನಪಿಡಿ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿ ಬಂದಿದೆ. 2025-26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಅಷ್ಟೇ. ಆ ನಿಯಮದ ಲೆಕ್ಕದಲ್ಲಿ ಆಗಸ್ಟಿನಲ್ಲಿ ಹುಟ್ಟಿದ ನಿಮ್ಮ ಮಗಳು ಒಂದನೇ ತರಗತಿಗೆ ಕಾಲಿಡುವುದೇ ಬರುವ ಜೂನ್‌ನಲ್ಲಿ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ಸಣ್ಣ ಲೆಕ್ಕ ಮಾಡಬೇಕು ಎಂಬುದು 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಇಟ್ಟುಕೊಂಡಿರುವ ಗುರಿ. ಅವಳು ಹಿಂದೆ ಬಿದ್ದಿಲ್ಲ. ಪೇಟೆಯ ಶಾಲೆಯಲ್ಲಿ ಎಲ್‌ಕೆಜಿಯಿಂದಲೇ ಬರೆಸುತ್ತಾರೆ, ಅದಕ್ಕೇ ನಿಮಗೆ ಹಾಗೆ ಅನ್ನಿಸುತ್ತಿದೆ.

ನೀವು ಅ ಆ ಇ ಈ ಎಂದು ಶುರು ಮಾಡಿ 49 ಅಕ್ಷರಗಳನ್ನೂ ಸಾಲಾಗಿ ಬಾಯಿಪಾಠ ಮಾಡಿಸಿದ್ದೀರಿ. ಮಗಳು ಹಾಡಿನಂತೆ ಒಪ್ಪಿಸುತ್ತಾಳೆ, ಬಿಡಿಯಾಗಿ ತೋರಿಸಿದರೆ ಗುರುತು ಸಿಗುವುದಿಲ್ಲ ಎಂದಿದ್ದೀರಿ. ಸಹಜವೇ. ನಮ್ಮ ಸರ್ಕಾರಿ ಶಾಲೆಯ ಟೀಚರುಗಳಿಗೆ ಇದಕ್ಕೆ ಒಳ್ಳೆಯ ದಾರಿ ಗೊತ್ತಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ಹೆಸರು ಕೇಳಿರುತ್ತೀರಿ. ಅಲ್ಲಿ ಮಕ್ಕಳು 'ರ ಗ ಸ ದ ಅ' ಎಂದು ಶುರು ಮಾಡುತ್ತಾರೆ. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ಆಕಾರಗಳು. ಐದೇ ಅಕ್ಷರ. ಆದರೆ ಐದರಲ್ಲೇ ಸರ, ರಸ, ದರ, ಅರಸ, ಅಗಸ ಎಲ್ಲ ಓದಬಹುದು. ಸರಸರ, ಗರಗರ, ದರದರ ಎಂದು ಓದುವಾಗ ಮಕ್ಕಳಿಗೆ ನಗು ಬರುತ್ತದೆ.

ಐದು ರಟ್ಟಿನ ಚೂರು ಕತ್ತರಿಸಿ ಒಂದೊಂದರ ಮೇಲೆ ಒಂದೊಂದು ಅಕ್ಷರ ದೊಡ್ಡದಾಗಿ ಬರೆಯಿರಿ. ನೆಲದ ಮೇಲೆ ಹರಡಿ. ಅವಳೇ ಎರಡನ್ನು ಪಕ್ಕಪಕ್ಕ ಇಟ್ಟು ಓದಲಿ. ಗುರುತು ಗಟ್ಟಿಯಾದ ಮೇಲೆ 'ಜ ವ ಮ ಬ ನ' ಸೇರಿಸಿ. ಈಗ ಮರ, ದನ, ಜನ, ಮಗ, ಬಸವ ಬಂದವು. 'ಅವನ ಮಗ ಬಸವ' ಎಂದು ಒಂದು ಪೂರ್ತಿ ವಾಕ್ಯವೇ ಆಗುತ್ತದೆ. ಹತ್ತು ಅಕ್ಷರ ಕಲಿತ ಮಗು ವಾಕ್ಯ ಓದಿದರೆ ಅದರ ಮುಖ ನೋಡಬೇಕು ನೀವು! ಕಾಗುಣಿತವನ್ನೂ ಕ ಕಾ ಕಿ ಕೀ ಎಂದು ಉರು ಹೊಡೆಸಬೇಡಿ. ಗೊತ್ತಿರುವ ಪದಕ್ಕೆ ಒಂದೊಂದೇ ಚಿಹ್ನೆ ಸೇರಿಸಿ. ಮರಕ್ಕೆ ಗುಡಿಸು ಕೊಟ್ಟರೆ ಮರಿ. ಮಗನಿಗೆ ಕೊಂಬು ಕೊಟ್ಟರೆ ಮಗು. ಸರ ಇದ್ದದ್ದು ಸಾರ ಆಯಿತು, ಸಾರ ಇದ್ದದ್ದು ಸಾರು ಆಯಿತು. ಒತ್ತಕ್ಷರಕ್ಕೆ ಅವಸರವಿಲ್ಲ. ಅಮ್ಮ, ಅಪ್ಪ, ಅಜ್ಜ ಇದ್ದೇ ಇದ್ದಾರಲ್ಲ, ಅಲ್ಲಿಂದ ತಾನಾಗಿ ಬರುತ್ತದೆ.

ಬರವಣಿಗೆಯನ್ನು ಓದಿನಿಂದ ಬೇರೆ ಮಾಡಿ. ಎಷ್ಟೋ ಮಕ್ಕಳು ಅಳುವುದು ಓದಲು ಬಾರದ್ದಕ್ಕಲ್ಲ, ಬೆರಳು ನೋಯುತ್ತದೆ ಅಂತ. ಕೋಪಿ ಪುಸ್ತಕ ಕೆಲವು ತಿಂಗಳು ಕಪಾಟಿನಲ್ಲೇ ಇರಲಿ. ಜಗಲಿಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೊಳದುದ್ದದ ಅಕ್ಷರ ಬರೆಯಲಿ. ಚಪಾತಿ ಹಿಟ್ಟು ನಾದಲಿ, ಅವರೆ ಬಿಡಿಸಲಿ, ಅಜ್ಜಿಯ ಜೊತೆ ಕೂತು ಹೂಬತ್ತಿ ಹೊಸೆಯಲಿ. ಬೆರಳಿಗೆ ಬಲ ಬರುವುದು ಇಂಥದ್ದರಲ್ಲೇ.

ಲೆಕ್ಕಕ್ಕಂತೂ ನಿಮ್ಮ ಮನೆಯಲ್ಲಿ ಕೊರತೆಯೇ ಇಲ್ಲ. ಅಟ್ಟದ ಮೇಲೆ ಚೆನ್ನೆಮಣೆ ಇದ್ದರೆ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಕಾಯಿ ಹಂಚುತ್ತಾ ಹೋಗುವುದರಲ್ಲಿ ಎಣಿಕೆ, ಕೂಡಿಸುವುದು, ಕಳೆಯುವುದು ಎಲ್ಲ ಇದೆ. ಮುಂದಿನ ಗುಳಿ ಖಾಲಿ ಇದೆಯೇ ಎಂದು ಮೊದಲೇ ಯೋಚಿಸುವುದೂ ಇದೆ. ನಾಲ್ಕು ಪಾವಿಗೆ ಒಂದು ಸೇರು ಎಂದು ಅವಳೇ ಅಕ್ಕಿ ಅಳೆದು ನೋಡಲಿ. ಏಳು ಚುಕ್ಕಿಯಿಂದ ಶುರು ಮಾಡಿ ಸಾಲಿಗೊಂದೊಂದು ಕಡಿಮೆ ಮಾಡುತ್ತಾ ಒಂದಕ್ಕೆ ಮುಗಿಸುವ ರಂಗೋಲಿ ಇಟ್ಟರೆ ಹಿಂದುಮುಂದಾಗಿ ಎಣಿಸುವುದು ಬರುತ್ತದೆ. ಬರೆದು ಮಾಡುವ ಕೂಡುವ ಲೆಕ್ಕ ಇದರ ಮೇಲೆ ಬರಲಿ.

ಪಾಠದ ನಡುವೆ ಮಗ ಬಂದು ಎಲ್ಲ ಎಳೆದುಹಾಕುತ್ತಾನೆ ಎಂದಿದ್ದೀರಿ. ನಾಲ್ಕು ವರ್ಷದವನು ಮಾಡಬೇಕಾದ ಕೆಲಸವೇ ಅದು! ಅವನಿಗೆ ಒಂದು ದಾರಿ ಹೇಳುತ್ತೇನೆ, ಬೇಸರ ಮಾಡಬೇಡಿ. ನಿಮ್ಮೂರಿನ ಅಂಗನವಾಡಿಗೆ ಕಳಿಸಿ. ಮೂರರಿಂದ ಆರು ವರ್ಷದ ಮಕ್ಕಳಿಗಾಗಿಯೇ ಇರುವುದು ಅದು. ಹಾಡು, ಆಟ, ಊಟ, ಓರಗೆಯ ಮಕ್ಕಳು ಎಲ್ಲ ಸಿಗುತ್ತದೆ. ಅಕ್ಕನನ್ನು ಮನೆಯಲ್ಲಿ ಕಲಿಸುವವರು ತಮ್ಮನನ್ನು ಅಂಗನವಾಡಿಗೆ ಕಳಿಸಬಾರದು ಎಂದೇನೂ ಇಲ್ಲ. ನಿಮಗೂ ಬೆಳಗಿನ ಹೊತ್ತು ಕೈ ಬಿಡುವಾಗುತ್ತದೆ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಈ ಪುಟವನ್ನು ಅವರಿಗೂ ಓದಲು ಕೊಡಿ. ಮಕ್ಕಳನ್ನು ಮನೆಯಲ್ಲೇ ಕಲಿಸೋಣ ಎಂಬ ತೀರ್ಮಾನ ಇಬ್ಬರದೂ ಆಗಿದ್ದರೆ ದುಡಿಮೆಯೂ ಇಬ್ಬರದೂ ಆಗಬೇಕು. ಅಡಿಗೆ, ಕೊಟ್ಟಿಗೆ, ಬಟ್ಟೆ, ಬಂದುಹೋಗುವವರು, ಜೊತೆಗೆ ಎರಡು ಮಕ್ಕಳ ಕಲಿಕೆ. ಇಷ್ಟನ್ನೂ ಒಬ್ಬರ ತಲೆಗೆ ಕಟ್ಟಿ 'ಮನೆಯಲ್ಲೇ ಇರ್ತೀಯಲ್ಲ' ಎನ್ನುವುದು ನ್ಯಾಯವಲ್ಲ. ಮನೆಯಲ್ಲಿ ಕಲಿಸಲು ಹೊರಟು ಒಂದೇ ವರ್ಷಕ್ಕೆ ಕೈಚೆಲ್ಲುವ ಮನೆಗಳಲ್ಲಿ ನಾನು ಕಂಡದ್ದು ಇದನ್ನೇ. ಮಕ್ಕಳಿಗೆ ಕಲಿಯಲು ಕಷ್ಟವಾಗಿರಲಿಲ್ಲ, ತಾಯಿ ಸೋತುಹೋಗಿದ್ದಳು.

ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗಿದೆ ಎಂದು ಬರೆದಿದ್ದೀರಿ. ದಿನಾ ಬೆಳಿಗ್ಗೆ ಒಂದು ಗಂಟೆ ಅಪ್ಪ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಲಿ. ಯಾವ ಮರದ ಕೊನೆ ಬಲಿತಿದೆ, ಒಂದು ಕೊನೆಯಲ್ಲಿ ಎಷ್ಟು ಅಡಿಕೆ, ನೀರು ಯಾವ ಕಾಲುವೆಯಿಂದ ಎಲ್ಲಿಗೆ ಹೋಗುತ್ತದೆ. ಕೇಳಲು ಹೇಳಲು ಬೇಕಾದಷ್ಟಿದೆ. ಕೊನೆ ಇಳಿಸುವಾಗ ದೂರ ನಿಲ್ಲಿಸಬೇಕು, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಬಿಡಬಾರದು, ಅಷ್ಟು ಜಾಗ್ರತೆ ಸಾಕು. ಆ ಒಂದು ಗಂಟೆ ನಿಮ್ಮದು. ಆ ಹೊತ್ತಿನಲ್ಲಿ ಪಾತ್ರೆ ತೊಳೆಯಬೇಡಿ. ರಾತ್ರಿ ಒಂದು ನೋಟುಪುಸ್ತಕದಲ್ಲಿ ತಾರೀಕು ಹಾಕಿ ಮಗಳು ಇವತ್ತು ಏನು ಮಾಡಿದಳು ಎಂದು ಎರಡು ಸಾಲು ಬರೆಯುವ ಕೆಲಸವೂ ಅಪ್ಪನಿಗೇ ಇರಲಿ. ಬರೆಯಬೇಕಾದರೆ ಅವರು ಕೇಳಲೇಬೇಕಾಗುತ್ತದೆ.

ನಿಮ್ಮ ಅತ್ತೆಯವರು ಹಾಳಾದವು ಎನ್ನುವುದು ಹೆದರಿಕೆಯಿಂದ. ಅವರ ಕಾಲದಲ್ಲಿ ಶಾಲೆ ತಪ್ಪಿದ ಹೆಣ್ಣುಮಕ್ಕಳ ಬದುಕು ಏನಾಯಿತು ಎಂದು ಅವರು ಕಂಡಿದ್ದಾರೆ. ಆ ಹೆದರಿಕೆಗೆ ಬೆಲೆ ಕೊಡಬೇಕು. ಅವರಿಗೆ ಕಲಿಸುವ ಕೆಲಸದಲ್ಲೇ ಪಾಲು ಕೊಡಿ. ಯಕ್ಷಗಾನ ನೋಡಿ ಬೆಳೆದ ಸೀಮೆಯವರು, ಪ್ರಸಂಗದ ಕತೆಗಳು ಬಾಯಲ್ಲೇ ಇರುತ್ತವೆ. ಮಧ್ಯಾಹ್ನದ ಕತೆ ಅಜ್ಜಿಯದು ಅಂತ ಮಾಡಿಬಿಡಿ.

ಕಾನೂನಿನ ಪ್ರಶ್ನೆಗೆ ಸುತ್ತಿ ಬಳಸದೆ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ಮನೆಯಲ್ಲೇ ಕಲಿಸುವವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಂದರೆ ಒಪ್ಪಿಗೆಯೂ ಬರೆದಿಲ್ಲ, ದಂಡವೂ ಬರೆದಿಲ್ಲ. ಶಾಲೆಗೆ ಬಾರದ ಮಕ್ಕಳ ಸಮೀಕ್ಷೆಗೆ ಟೀಚರೋ ಶಿಕ್ಷಣ ಇಲಾಖೆಯ ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಾಗಿಲಿಗೆ ಬಂದರೆ ಸಿಡುಕಬೇಡಿ, ಅಡಗಿಕೊಳ್ಳಲೂ ಬೇಡಿ. ಕೂಲಿಗೆ ಹೋಗುತ್ತಿರುವ, ಓದು ಕೈತಪ್ಪಿದ ಮಕ್ಕಳನ್ನು ಹುಡುಕಲು ಅವರು ಅಲೆಯುತ್ತಾರೆ. ಕೂರಿಸಿ, ಇದ್ದದ್ದನ್ನು ಹೇಳಿ, ನೋಟುಪುಸ್ತಕ ತೋರಿಸಿ.

ಮುಂದಿನ ಸರ್ಟಿಫಿಕೇಟಿನ ಚಿಂತೆ ಈಗಲೇ ಬೇಡ. ದಾರಿ ಇದೆ ಎಂದು ಗೊತ್ತಿದ್ದರೆ ಸಾಕು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, 3, 5 ಮತ್ತು 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳನ್ನು ನಡೆಸುತ್ತದೆ. 14 ತುಂಬಿದವರು ಅಲ್ಲೇ ಹತ್ತನೆಯದಕ್ಕೆ ಹೆಸರು ಬರೆಸಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವವರೂ ಇದ್ದಾರೆ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಮಾತೊಂದಿದೆ. ಶಾಲೆ ಬಿಟ್ಟ ಮಕ್ಕಳಿಗೆ ಪಾಠಕ್ಕಿಂತ ಮೊದಲು ತಪ್ಪಿಹೋಗುವುದು ಆರೋಗ್ಯ ತಪಾಸಣೆ. ಕಣ್ಣು, ಕಿವಿ, ಹಲ್ಲು ನೋಡುವ ತಂಡ ಶಾಲೆಗೆ, ಅಂಗನವಾಡಿಗೆ ಬರುತ್ತದೆ, ನಿಮ್ಮ ಜಗಲಿಗೆ ಬರುವುದಿಲ್ಲ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳದ ಮಾತ್ರೆಯೂ ಅಲ್ಲೇ ಕೊಡುವುದು. ಶಾಲೆಗೆ ಹೋಗದ ಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುತ್ತಾರೆ, ಹೋಗಿ ಕೇಳಿ. ಐದು ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಆಗಿದೆಯೇ, ತಾಯಿ ಕಾರ್ಡ್ ತೆಗೆದು ನೋಡಿ. ಒಮ್ಮೆ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಅಕ್ಷರ ಗುರುತು ಸಿಗದ ಮಗುವಿಗೆ ಒಮ್ಮೊಮ್ಮೆ ಬೇಕಿರುವುದು ಕನ್ನಡಕ.

ಪುಸ್ತಕಕ್ಕೆ ಖರ್ಚು ಮಾಡಬೇಡಿ. ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಬಂದ ಸವಲತ್ತು ಇದು. ಮಗಳ ಹೆಸರಿನಲ್ಲೇ ಕಾರ್ಡ್ ಮಾಡಿಸಿ, ಅವಳೇ ಆರಿಸಿ ತರಲಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಬೇಕಾದಷ್ಟಿವೆ, ಇಳಿಸಿಕೊಂಡು ಓದಬಹುದು. ಸರ್ಕಾರದ ಪಠ್ಯಪುಸ್ತಕಗಳೂ ಹಾಗೆಯೇ ಸಿಗುತ್ತವೆ. ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂಬ ನಿಮ್ಮ ಯಜಮಾನರ ಆತಂಕಕ್ಕೆ ಸದ್ಯ ಒಂದೇ ಮಾತು. ಮೊದಲು ಕನ್ನಡದಲ್ಲಿ ಓದು ಹಿಡಿಯಲಿ. ಇಂಗ್ಲಿಷ್ ಈಗ ಕಿವಿಗೆ ಬಿದ್ದರೆ ಸಾಕು.

ಜೊತೆಯ ಮಕ್ಕಳ ಪ್ರಶ್ನೆ ಮಾತ್ರ ದೊಡ್ಡದು. ಬಿಡಿಬಿಡಿ ಮನೆಗಳ ಊರು ನಿಮ್ಮದು. ದೊಡ್ಡವರ ನಡುವೆ ಮಾತ್ರ ಬೆಳೆದ ಮಗುವಿಗೆ ಸೋಲುವುದು, ಕಾಯುವುದು, ಜಗಳವಾಡಿ ರಾಜಿಯಾಗುವುದು ಗೊತ್ತಾಗುವುದಿಲ್ಲ. ಇದನ್ನು ನೀವು ಎಷ್ಟು ಚೆನ್ನಾಗಿ ಕಲಿಸಿದರೂ ಕಲಿಸಿದ ಹಾಗಾಗುವುದಿಲ್ಲ. ಊರಿನ ಶಾಲೆ ಬಿಡುವ ಹೊತ್ತಿಗೆ ದಿನಾ ಅವಳನ್ನು ಆಟದ ಬಯಲಿಗೆ ಕರೆದುಕೊಂಡು ಹೋಗಿ. ವಾರಕ್ಕೊಮ್ಮೆ ಅಲ್ಲ, ದಿನಾ.

ಹಾಗೆ ಹೋಗುವಾಗಲೇ ಆ ಶಾಲೆಯನ್ನು ಒಮ್ಮೆ ಒಳಗೆ ಹೋಗಿ ನೋಡಿ. ನೀವು ಪತ್ರದಲ್ಲಿ ಪೇಟೆಯ ಶಾಲೆ ಮತ್ತು ಮನೆ ಎರಡನ್ನೇ ತೂಗಿದ್ದೀರಿ. ನಡೆದೇ ಹೋಗಬಹುದಾದ ಸರ್ಕಾರಿ ಶಾಲೆಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗಿದೆ. ಮಗಳು ಅಳುತ್ತಿದ್ದದ್ದು ಶಾಲೆಗೋ, ಏಳು ಗಂಟೆಯ ವ್ಯಾನಿಗೋ? ಅವಳನ್ನೇ ಕೇಳಿ. ಟೀಚರ ಹತ್ತಿರ ಮಾತಾಡಿ, ಒಂದು ದಿನ ಅವಳು ಅಲ್ಲಿ ಕೂತು ನೋಡಲಿ.

ಮತ್ತೆ ಸೇರಿಸುವುದೆಂದು ತೀರ್ಮಾನಿಸಿದರೆ ಅದು ಸೋಲಲ್ಲ. ಏಪ್ರಿಲ್ ಕಳೆದರೂ ನಿಮ್ಮ ಬೆಳಗು ಕೂಗಾಟದಲ್ಲೇ ಶುರುವಾಗುತ್ತಿದ್ದರೆ ಖಂಡಿತ ಸೇರಿಸಿ. ಇಲ್ಲ, ಮನೆಯಲ್ಲೇ ಹಿತವಾಗುತ್ತಿದೆ ಎಂದಾದರೆ ಮುಂದುವರಿಸಿ, ಪ್ರತಿ ವರ್ಷ ಬೇಸಿಗೆಯಲ್ಲಿ ಮನೆಯವರೆಲ್ಲ ಕೂತು ಮತ್ತೆ ಮಾತಾಡಿ. ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹಳೆಯ ಶಾಲೆಯ ಟಿಸಿ ಇನ್ನೂ ತಂದಿಲ್ಲ ಎಂದಿದ್ದೀರಿ. ಈ ವಾರವೇ ಹೋಗಿ ಅರ್ಜಿ ಕೊಟ್ಟು ತಂದಿಟ್ಟುಕೊಳ್ಳಿ. ಅದು ಬರುವುದು ತಡವಾಯಿತು ಎಂದು ಇನ್ನೊಂದು ಶಾಲೆ ಪ್ರವೇಶ ನಿರಾಕರಿಸುವ ಹಾಗಿಲ್ಲ.