ಮೆಕ್ಯಾನಿಕಲ್ ಬಿಇ ಮುಗಿದಿದೆ. ಓದಿದ ಲೈನಿನ ಕೆಲಸ ಸಿಗುವವರೆಗೆ ಕಾಲ್ ಸೆಂಟರ್ ಸೇರಬಹುದಾ?

ಕೈಯಲ್ಲಿ ಕಾಸಿಲ್ಲ ಅಂದರೆ ಸೇರಿ. ಸಾಲ ತಲೆ ಮೇಲಿದ್ದರೆ ಯಾವ ಸಂಬಳ ಹೇಳಿದರೂ ಹೂಂ ಅಂದುಬಿಡುತ್ತೇವೆ, ಅಲ್ವಾ? ಆದರೆ ಶಿಫ್ಟ್ ಯಾವುದು ಅಂತ ಮೊದಲೇ ಕೇಳಿ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂನಲ್ಲಿ ಕೂರುವುದು ತುಂಬಾ ಕಷ್ಟ.

ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇದೆಯಾ, ನೋಟಿಸ್ ಪೀರಿಯಡ್ ಎಷ್ಟು ನೋಡಿಕೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ಪಿಎಫ್ ಕಟ್ಟುವ ಕಂಪನಿಯಾದರೆ ಆ ಕೆಲಸವನ್ನು ರೆಸ್ಯೂಮೆಯಲ್ಲಿ ಮುಚ್ಚಿಡಬೇಡಿ. ಸೇರಿದ, ಬಿಟ್ಟ ತಾರೀಖು ಯುಎಎನ್ (ನಿಮ್ಮ ಪಿಎಫ್ ನಂಬರ್) ದಾಖಲೆಯಲ್ಲಿರುತ್ತದೆ. ಯುವನಿಧಿಯ 3,000 ರೂಪಾಯಿ ಬರುತ್ತಿದ್ದರೆ ಕೆಲಸಕ್ಕೆ ಸೇರಿದ ಮೇಲೆ ಅದು ನಿಲ್ಲುತ್ತದೆ.

ಮನೆಯ ಖರ್ಚು ಹೇಗೋ ನಡೆಯುತ್ತದೆ ಅಂದರೆ, ನನ್ನ ಪ್ರಕಾರ ನಿಮ್ಮ ಬ್ರಾಂಚಿನ ಅಪ್ರೆಂಟಿಸ್‌ಶಿಪ್ಪೇ ವಾಸಿ. ಸ್ಟೈಪೆಂಡ್ ಕಡಿಮೆ ಇದ್ದರೂ ಅನುಭವ ಅದೇ ಲೈನಿನದು. ಬೇರೆ ಕಡೆ ಒಂದು ವರ್ಷ ಕೆಲಸ ಮಾಡಿಬಿಟ್ಟರೆ ಎಷ್ಟೋ ಸರ್ಕಾರಿ ಉದ್ದಿಮೆಗಳು ಅಪ್ರೆಂಟಿಸ್ ಅರ್ಜಿ ತೆಗೆದುಕೊಳ್ಳುವುದಿಲ್ಲ.