ಓದುಗರ ಪ್ರಶ್ನೆ: ಊರಾಚೆಯ ಬಡಾವಣೆಗೆ ನಕ್ಷೆಯಲ್ಲಿ ಯಾವ ಊರಿನ ಹೆಸರು?

ಪ್ರಶ್ನೆ: ತುಮಕೂರು ಪಾಲಿಕೆಯ ಎಲ್ಲೆ ದಾಟಿದ ಕೂಡಲೇ ಸಿಗುವ ಹಳ್ಳಿ ನಮ್ಮದು. ಪಕ್ಕದಲ್ಲೇ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿತ ಬಡಾವಣೆ ಎದ್ದಿದೆ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಯಾರೋ ಹಳ್ಳಿಯ ಹೆಸರು ತೆಗೆದು ‘ತುಮಕೂರು’ ಎಂದು ಬರೆದಿದ್ದಾರೆ. ಟೂಡಾ ಒಪ್ಪಿದ ಮೇಲೆ ಅದು ನಗರವೇ ಎಂದು ಅವರ ವಾದ. ಸರಿಪಡಿಸುವುದು ಹೇಗೆ?

ಉತ್ತರ: ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶವೇ ಬೇರೆ, ಪಾಲಿಕೆಯ ಎಲ್ಲೆಯೇ ಬೇರೆ. ಪ್ರಾಧಿಕಾರ ಒಪ್ಪಿಗೆ ಕೊಡುವುದು ಬಡಾವಣೆಯ ನಕ್ಷೆಗೆ. ಎಲ್ಲೆ ತಿಳಿಯಬೇಕಾದರೆ ನಿವೇಶನದ ಖಾತೆ ನೋಡಿ. ಇ-ಸ್ವತ್ತಿನ ನಮೂನೆ 9, 11 ಇದ್ದರೆ ಅದು ಗ್ರಾಮ ಪಂಚಾಯಿತಿಗೆ ಸೇರಿದ್ದು. ಪಾಲಿಕೆಯೊಳಗಿನದಾದರೆ ಇ-ಆಸ್ತಿ ಖಾತೆ ಇರುತ್ತದೆ.

ನಕ್ಷೆಯಲ್ಲಿ ಹಳ್ಳಿಯನ್ನು ತೋರುವ ಚುಕ್ಕೆಗೆ ನಗರದ ಹೆಸರು ಹಾಕಿದರೆ ಆಗುವ ಅವಾಂತರ ಹುಡುಕಾಟದಲ್ಲಿ ಗೊತ್ತಾಗುತ್ತದೆ. ಒಂದು ಜಾಗದ ವಿಳಾಸ ಹೇಳಲು ಆ ನಕ್ಷೆಯ ಹುಡುಕಾಟ ಸಾಧನವಾದ ನಾಮಿನಾಟಿಮ್ ಮೊದಲು ನೋಡುವುದು ಅದು ಯಾವ ಆಡಳಿತ ಗಡಿಯ ಒಳಗಿದೆ ಎಂಬುದನ್ನು. ಗಡಿ ಸಿಗದಿದ್ದರೆ ಹತ್ತಿರದ ಊರಿನ ಚುಕ್ಕೆಯನ್ನು ಹಿಡಿಯುತ್ತದೆ. ಹಾಗಾಗಿ ಸುತ್ತಲಿನ ಮನೆ, ಅಂಗಡಿ, ದೇವಸ್ಥಾನಗಳೆಲ್ಲ ‘ತುಮಕೂರು, ತುಮಕೂರು ತಾಲ್ಲೂಕು, ತುಮಕೂರು ಜಿಲ್ಲೆ’ ಎಂದು ತೋರುತ್ತವೆ. ಹಳ್ಳಿಯ ಹೆಸರು ಹೊಡೆದರೆ ಏನೂ ಸಿಗುವುದಿಲ್ಲ.

ಸರಿಪಡಿಸಲು ಚುಕ್ಕೆಯನ್ನು ಅಳಿಸಿ ಹೊಸದು ಇಡಬೇಡಿ. ಹಾಗೆ ಮಾಡಿದರೆ ಹಿಂದಿನ ಇತಿಹಾಸವೂ ವಿಕಿಡೇಟಾ (ವಿಕಿಪೀಡಿಯ ಬಳಗದ ದತ್ತಾಂಶ ಭಂಡಾರ) ಕೊಂಡಿಯೂ ಹೋಗುತ್ತವೆ. ಲಾಗಿನ್ ಆಗಿ ಆ ಚುಕ್ಕೆಯನ್ನು ಒತ್ತಿ, ಅದರ ಇತಿಹಾಸ ತೆರೆದು ಹಳೆಯ ಹೆಸರು ಏನಿತ್ತು ನೋಡಿ. ಅದನ್ನೇ ‘ನೇಮ್’ ಕಾಲಂನಲ್ಲಿ ಮರಳಿಸಿ, ಕನ್ನಡದ ಹೆಸರಿಗೆ ಇರುವ ‘ನೇಮ್:ಕೆಎನ್’ ಕೂಡ ತುಂಬಿ, ಊರಿನ ಬಗೆ ಹೇಳುವ ‘ಪ್ಲೇಸ್’ ಟ್ಯಾಗಿಗೆ ‘ವಿಲೇಜ್’ ಕೊಡಿ. ಬಡಾವಣೆಯನ್ನು ಬೇರೆಯಾಗಿ, ವಸತಿ ಪ್ರದೇಶದ ಆಕೃತಿಯಾಗಿ ಎಳೆದು ಅದರದೇ ಹೆಸರು ಇಡಿ. ‘ಸಬರ್ಬ್’ ಎಂಬ ಟ್ಯಾಗ್ ಇಲ್ಲಿ ಬೇಡ. ನಮ್ಮ ಮಾತಿನಲ್ಲಿ ಸಬರ್ಬ್ ಎಂದರೆ ಊರ ಹೊರಗಿನದು, ಆ ನಕ್ಷೆಯಲ್ಲಿ ಮಾತ್ರ ಅದು ನಗರದ್ದೇ ಒಂದು ಭಾಗ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನು ‘ತುಮಕೂರು’ ಎಂಬ ಹೆಸರಿಗೂ ಒಂದು ಜಾಗವಿದೆ: ಮನೆಯ ವಿಳಾಸದ ‘ಸಿಟಿ’ ಕಾಲಂ. ಅಂಚೆ ತುಮಕೂರಿನ ಹೆಸರಲ್ಲೇ ಬರುತ್ತಿದ್ದರೆ ಅಲ್ಲಿ ತುಮಕೂರು, ವಿಳಾಸದ್ದೇ ‘ಪ್ಲೇಸ್’ ಕಾಲಂನಲ್ಲಿ ಹಳ್ಳಿ, ಜೊತೆಗೆ ಪಿನ್ ಕೋಡ್. ಅಂಚೆ ಕಚೇರಿ ಯಾವ ಊರಿನದು ಎಂಬುದರಿಂದ ಪಾಲಿಕೆಯ ಎಲ್ಲೆ ನಿರ್ಧಾರವಾಗುವುದಿಲ್ಲ.

ಉಳಿಸುವಾಗ ಬದಲಾವಣೆಯ ಟಿಪ್ಪಣಿಯಲ್ಲಿ ‘ಗ್ರಾಮದ ಹೆಸರು ಮರಳಿಸಿದೆ, ಪಂಚಾಯಿತಿ ವ್ಯಾಪ್ತಿ’ ಎಂದು ಬರೆಯಿರಿ. ಆ ವ್ಯಕ್ತಿ ಮತ್ತೆ ಬದಲಿಸಿದರೆ ನೀವೂ ಮತ್ತೆ ಬದಲಿಸುತ್ತಾ ಕೂರಬೇಡಿ. ಅವರ ಬದಲಾವಣೆಯ ಕೆಳಗೇ ಪ್ರಶ್ನೆ ಹಾಕಿ, ರಸ್ತೆ ಬದಿಯ ಪಂಚಾಯಿತಿ ಸ್ವಾಗತ ಫಲಕ ಎಲ್ಲಿದೆ ಎಂದು ತಿಳಿಸಿ. ಆಫ್‌ಲೈನ್ ಆ್ಯಪ್‌ಗಳಲ್ಲಿ ನಕ್ಷೆಯನ್ನು ಹೊಸದಾಗಿ ಇಳಿಸಿಕೊಳ್ಳುವ ತನಕ ತಪ್ಪು ಹೆಸರೇ ಕಾಣುತ್ತದೆ, ಗಾಬರಿ ಬೇಡ.

ಪ್ರಶ್ನೆ: ಎಲ್ಲೆಯನ್ನು ಸರ್ಕಾರದ ಸರ್ವೆ ನಕ್ಷೆ ಆ್ಯಪ್ ದಿಶಾಂಕ್ ನೋಡಿಕೊಂಡು ನಾವೇ ಎಳೆದುಬಿಡಬಹುದೆ?

ಉತ್ತರ: ನೀವು ನಿಂತ ಜಾಗ ಯಾವ ಗ್ರಾಮ, ಯಾವ ಸರ್ವೆ ನಂಬರು ಎಂದು ತಿಳಿಯಲು ದಿಶಾಂಕ್ ಒಳ್ಳೆಯದೇ. ಅದರ ಗೆರೆ ನಕಲು ಮಾಡುವಂತಿಲ್ಲ. ಗೂಗಲ್ ಮ್ಯಾಪ್‌ಗೂ ಇದೇ ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಪರವಾನಗಿಗೆ ಹೊಂದುವ ಅನುಮತಿ ಇಲ್ಲದ ದತ್ತಾಂಶ ಅಲ್ಲಿಗೆ ಹೋಗಬಾರದು. ಅಂದಾಜಿನ ಗಡಿ ಎಳೆಯುವುದಕ್ಕಿಂತ ಎಳೆಯದಿರುವುದೇ ಮೇಲು; ತಪ್ಪು ಗಡಿ ಒಂದಿದ್ದರೆ ಅದರೊಳಗಿನ ಅಷ್ಟೂ ವಿಳಾಸ ಕೆಡುತ್ತದೆ. ಹೆಸರಿನ ಕಾಗುಣಿತಕ್ಕೆ ನಮಗೆ ಹೆಚ್ಚು ನಂಬಿಕೆ ಸರ್ಕಾರಿ ಶಾಲೆಯ ಬೋರ್ಡು ಮತ್ತು ಹಾಲಿನ ಡೈರಿ ಬೋರ್ಡಿನ ಮೇಲೆ. ಎರಡರಲ್ಲೂ ಊರಿನ ಹೆಸರಿನ ಜೊತೆಗೆ ತಾಲ್ಲೂಕು ಸಾಮಾನ್ಯವಾಗಿ ಬರೆದಿರುತ್ತದೆ. ನೀವೇ ಹೋಗಿ ನೋಡಿದ್ದು, ಫೋಟೊ ತೆಗೆದದ್ದು ಆದ್ದರಿಂದ ಪರವಾನಗಿಯ ತಕರಾರೂ ಇಲ್ಲ.

ಪ್ರಶ್ನೆ: ಕೆಜಿಎಫ್‌ನ ಅಂಗಡಿಗಳಿಗೆಲ್ಲ ‘ಕೋಲಾರ’ ನಗರ ಎಂದು ಹಾಕಿರುವುದು ಸರಿಯೆ?

ಉತ್ತರ: ತಪ್ಪು. ‘ಕೋಲಾರ ಚಿನ್ನದ ಗಣಿ’ ಎಂಬ ಹೆಸರೇ ಹೊರಗಿನವರನ್ನು ದಾರಿ ತಪ್ಪಿಸುತ್ತದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ತನ್ನದೇ ನಗರಸಭೆ ಇದೆ, ಕೆಜಿಎಫ್ ಈಗ ಪ್ರತ್ಯೇಕ ತಾಲ್ಲೂಕು. ಕೋಲಾರ ಅದಕ್ಕೆ ಜಿಲ್ಲೆ ಮಾತ್ರ.

ಪ್ರಶ್ನೆ: ಗೊಲ್ಲರಹಟ್ಟಿ, ಬೇಚರಾಕ್ ಗ್ರಾಮಗಳನ್ನು ಹೇಗೆ ಗುರುತಿಸಬೇಕು?

ಉತ್ತರ: ಹಟ್ಟಿಗೆ ಕಂದಾಯ ಗ್ರಾಮದ ಹೆಸರು ಅಂಟಿಸಬೇಡಿ, ಜನ ಕರೆಯುವ ಹೆಸರನ್ನೇ ಬರೆದು, ಕೆಲವೇ ಮನೆಗಳಿದ್ದರೆ ‘ಹ್ಯಾಮ್ಲೆಟ್’ ಎನ್ನಿ. ಬೇಚರಾಕ್ ಎಂದರೆ ದಾಖಲೆಯಲ್ಲಿ ಗ್ರಾಮ ಇದ್ದು ಜನವಸತಿ ಇಲ್ಲದ್ದು. ಅದಕ್ಕೆ ‘ಲೊಕ್ಯಾಲಿಟಿ’ ಟ್ಯಾಗ್. ‘ವಿಲೇಜ್’ ಎಂದು ಹಾಕಿದರೆ ನಕ್ಷೆ ನೋಡಿ ಬಂದವರಿಗೆ ಹುಣಸೆಮರ, ಬಿದ್ದ ಗುಡಿ ಬಿಟ್ಟು ಬೇರೇನೂ ಸಿಗಲಿಕ್ಕಿಲ್ಲ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಹೋಗಿ ಅಮೆರಿಕದಲ್ಲಿರುವ ಮಗ ಅಲ್ಲಿನ ನಕ್ಷೆ ತಿದ್ದುತ್ತಾನೆ. ಮನೆ ನಗರದ ಎಲ್ಲೆಯ ಹೊರಗೆ, ವಿಳಾಸ ಮಾತ್ರ ನಗರದ್ದು ಎನ್ನುತ್ತಾನೆ. ಅಲ್ಲೂ ಪಂಚಾಯಿತಿ ಇದೆಯೆ?

ಉತ್ತರ: ನಮ್ಮಲ್ಲಿ ನಗರಸಭೆ ಇಲ್ಲದ ಕಡೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ ಇರುತ್ತದೆ. ಅಲ್ಲಿ ಎಷ್ಟೋ ಜಾಗಗಳಿಗೆ ಸ್ವಂತ ನಗರಾಡಳಿತವೇ ಇಲ್ಲ, ಕೌಂಟಿಯೇ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನೋಡಿಕೊಳ್ಳುತ್ತದೆ. ಲಾಸ್ ವೇಗಸ್‌ನ ಪ್ರಸಿದ್ಧ ಸ್ಟ್ರಿಪ್‌ನ ಬಹುಭಾಗ ಲಾಸ್ ವೇಗಸ್ ನಗರದಲ್ಲಿಲ್ಲ, ಪ್ಯಾರಡೈಸ್ ಎಂಬ ಇಂಥ ಪ್ರದೇಶದಲ್ಲಿದೆ. ಅಂಚೆ ವಿಳಾಸದಲ್ಲಿ ಲಾಸ್ ವೇಗಸ್ ಎಂದೇ ಬರೆಯುತ್ತಾರೆ. ಕ್ರಮ ಇಲ್ಲಿನದೇ: ನಗರದ ಹೆಸರು ವಿಳಾಸದ ಕಾಲಂಗೆ, ಜನ ಕರೆಯುವ ಹೆಸರು ಚುಕ್ಕೆಗೆ, ನಗರದ ಗಡಿ ಇದ್ದಲ್ಲಿಯೇ. ಜನಗಣತಿಗಾಗಿ ಗುರುತಿಸಿದ ಪ್ರದೇಶಗಳಿಗೆ ‘ಸೆನ್ಸಸ್’ ಎಂಬ ಬೇರೆ ಬಗೆಯ ಗಡಿ ಟ್ಯಾಗ್ ಇದೆ. ಅದನ್ನು ಆಡಳಿತ ಗಡಿ ಎಂದು ಬದಲಿಸದಂತೆ ಮಗನಿಗೆ ಹೇಳಿ.