ಸರಸ್ ಸೋತದ್ದು ಎಲ್ಲಿ?

ಮಾನ್ಯ ಸಂಪಾದಕರೇ,
ಕಳೆದ ಸಂಚಿಕೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಬಗ್ಗೆ ಬರೆಯುತ್ತಾ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರ ಎನ್‌ಎಎಲ್‌ನ ‘ಸರಸ್’ ವಿಮಾನವನ್ನು ಹೊಗಳಿದ್ದೀರಿ. 1990ರ ದಶಕದಿಂದ ಕೆಲಸ ನಡೆದರೂ ಆ ವಿಮಾನ ಒಬ್ಬ ಪ್ರಯಾಣಿಕನನ್ನೂ ಹೊತ್ತಿಲ್ಲ. ಮೂವರ ಜೀವ ಬೇರೆ ಹೋಯಿತು. ಕಾನ್ಪುರದಲ್ಲಿ ಡಾರ್ನಿಯರ್ ತಯಾರಾಗುವಾಗ ಇದೆಲ್ಲ ಯಾಕೆ? ಜನರ ದುಡ್ಡು ಸುಮ್ನೆ ಪೋಲು ಅಲ್ವಾ? ಈಗ ನನ್ನ ಮಗಳು ಏರೋನಾಟಿಕಲ್ ಎಂಜಿನಿಯರಿಂಗೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ದಯವಿಟ್ಟು ನೀವಾದರೂ ಬುದ್ಧಿ ಹೇಳಿ.
– ಒಬ್ಬ ಓದುಗ, ದಾವಣಗೆರೆ

ಉತ್ತರ:

ನಿಮ್ಮ ಪತ್ರದಲ್ಲಿ ಒಂದು ಮಾತು ಸರಿಯಾಗಿದೆ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಾನ್ಪುರದ ಎಚ್‌ಎಎಲ್ ಘಟಕ ಕಟ್ಟುವ ಡಾರ್ನಿಯರ್ 228 ಒಳ್ಳೆಯ ವಿಮಾನ. 2022ರ ಏಪ್ರಿಲ್‌ನಲ್ಲಿ ಅದು ಅಸ್ಸಾಂನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಪ್ರಯಾಣಿಕರನ್ನು ಕರೆದೊಯ್ಯಲು ಶುರುಮಾಡಿತು. ಸಂತೋಷವೇ. ಆದರೆ ಅದರ ನಕ್ಷೆ ಜರ್ಮನಿಯದು. ಅದು ಮೊದಲು ಹಾರಿದ್ದು 1981ರಲ್ಲಿ. ಬೇರೆಯವರ ನಕ್ಷೆ ತಂದು ವಿಮಾನ ಕಟ್ಟುವುದು ನಮಗೆ ಚೆನ್ನಾಗಿ ಬರುತ್ತದೆ. ನಮ್ಮದೇ ನಕ್ಷೆ ಬರೆದು, ತಪ್ಪಿದಲ್ಲಿ ತಿದ್ದಿ, ಕೊನೆ ಮುಟ್ಟಿಸುವ ತಾಳ್ಮೆ ಮಾತ್ರ ನಮಗೆ ಬಂದಿಲ್ಲ. ಸರಸ್ ಸೋತದ್ದು ಅಲ್ಲಿ. ಎಂಜಿನಿಯರುಗಳ ಮೇಜಿನ ಮೇಲೆ ಅಲ್ಲ.

‘1990ರ ದಶಕದಿಂದ ಕೆಲಸ ನಡೆದರೂ’ ಎಂದು ಬರೆದಿದ್ದೀರಿ. ಕೆಲಸ ನಡೆದಿದ್ದರೆ ತಾನೇ! 1991ರ ಸುಮಾರಿಗೆ ರಷ್ಯಾದ ಮ್ಯಾಸಿಷ್ಚೆವ್ ಸಂಸ್ಥೆಯ ಜೊತೆ ಸೇರಿ ಶುರುವಾದ ಯೋಜನೆ ಇದು. ಅವರಿಗೆ ಹಣದ ಮುಗ್ಗಟ್ಟು ಬಂತು, ಬಿಟ್ಟು ಹೋದರು. 1998ರಲ್ಲಿ ಪೋಖ್ರಾನ್ ಪರೀಕ್ಷೆಯ ಬೆನ್ನಿಗೇ ಅಮೆರಿಕದ ನಿರ್ಬಂಧ ಬಂದು ಕೆಲಸ ನಿಂತಿತು. 1999ರ ಸೆಪ್ಟೆಂಬರ್‌ನಲ್ಲಿ ಮತ್ತೆ ಮಂಜೂರಾತಿ ಸಿಕ್ಕಿತು. 2001ರ ಮಾರ್ಚ್‌ಗೆ ಹಾರಿಸಬೇಕು ಎಂದು ಗಡುವು ಹಾಕಿಕೊಂಡರು. ಹಾರಿದ್ದು 2004ರ ಮೇ 29ರಂದು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ. ಹದಿನಾಲ್ಕು ಸೀಟಿನ ವಿಮಾನ. ಎರಡು ಎಂಜಿನ್‌ಗಳು ರೆಕ್ಕೆಯ ಮೇಲಿಲ್ಲ, ಬಾಲದ ಹತ್ತಿರ ಇವೆ. ಪ್ರೊಪೆಲ್ಲರ್‌ಗಳು ಹಿಂದಿನಿಂದ ವಿಮಾನವನ್ನು ತಳ್ಳುತ್ತವೆ. ಹಾಗಾಗಿ ಒಳಗೆ ಕೂತವರಿಗೆ ಸದ್ದು ಕಡಿಮೆ. ಇಟಲಿಯ ಪಿಯಾಜಿಯೊ ಅವಂತಿಯಲ್ಲೂ ಪ್ರೊಪೆಲ್ಲರ್‌ಗಳು ಹಿಂದಿನಿಂದಲೇ ತಳ್ಳುತ್ತವೆ, ಎಂಜಿನ್‌ಗಳು ಮಾತ್ರ ರೆಕ್ಕೆಯ ಮೇಲಿವೆ.

ಮೊದಲ ಮಾದರಿಯಲ್ಲಿ ದೊಡ್ಡ ದೋಷವೇ ಇತ್ತು. ಖಾಲಿ ವಿಮಾನ 4,125 ಕಿಲೋ ಇರಬೇಕಿತ್ತು, 5,118 ಕಿಲೋ ತೂಗಿತು. ಜನ, ಸಾಮಾನು ಎಲ್ಲ ಸೇರಿ ಅದು ಹೊರಬೇಕಿದ್ದದ್ದೇ 1,232 ಕಿಲೋ. ಅಂದರೆ ಹೊರುವ ಶಕ್ತಿಯ ಮುಕ್ಕಾಲಿಗೂ ಹೆಚ್ಚು ಪಾಲನ್ನು ವಿಮಾನದ ಮೈತೂಕವೇ ನುಂಗಿತ್ತು. ಈ ತೂಕ ಎಲ್ಲಿಂದ ಬರುತ್ತದೆ? ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನಗೆ ಇದನ್ನು ಬಿಡಿಸಿ ಹೇಳಿದ್ದರು. ಒಂದು ಬ್ರ್ಯಾಕೆಟ್ ಸಣ್ಣಗೆ ಬಿರುಕು ಬಿಟ್ಟರೆ ಅದರ ಪಕ್ಕ ಇನ್ನೊಂದು ಕೂರುತ್ತದೆ. ಯಾವುದಕ್ಕೂ ಇರಲಿ ಎಂದು ರಿವೆಟ್ ಒಂದು ಸೈಜು ದೊಡ್ಡದಾಗುತ್ತದೆ. ವೈರಿನ ಕಟ್ಟು ಸುತ್ತಿ ಬಳಸಿ ಹೋಗುತ್ತದೆ. ಅದನ್ನು ಹಿಡಿಯಲು ನಾಲ್ಕು ಕ್ಲಾಂಪ್ ಜಾಸ್ತಿ. ಪರೀಕ್ಷೆಗೆಂದು ಹಾಕಿದ ಉಪಕರಣಗಳ ಪೆಟ್ಟಿಗೆಗಳು ಬೇರೆ. ‘ಮೊದಲನೆಯದು ಯಾವಾಗಲೂ ದಪ್ಪ ಆಗುತ್ತೆ ಸ್ವಾಮಿ, ಎರಡನೆಯದರಲ್ಲಿ ಇಳಿಸಬೇಕು’ ಎಂದರು. ಇಳಿಸಿದರು ಕೂಡ. 2007ರ ಏಪ್ರಿಲ್ 18ರಂದು ಹಾರಿದ ಎರಡನೆಯ ಮಾದರಿಯ ಮೈ ಸುಮಾರು 400 ಕಿಲೋ ಹಗುರವಾಗಿತ್ತು. ಮೂರನೆಯದಕ್ಕೆ ಲೋಹಕ್ಕಿಂತ ಹಗುರವಾದ ಕಾಂಪೋಸಿಟ್ ರೆಕ್ಕೆ ಹಾಕುವ ಲೆಕ್ಕಾಚಾರ ಇತ್ತು. ಮೊದಲ ದೋಸೆ ಹರಿಯಿತು ಎಂದು ಯಾರಾದರೂ ಹಿಟ್ಟು ಚೆಲ್ಲುತ್ತಾರಾ?

ಆಮೇಲೆ 2009ರ ಮಾರ್ಚ್ 6 ಬಂತು. ಆಕಾಶದಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆಯುತ್ತಿತ್ತು. ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಆ ಎರಡನೆಯ ಮಾದರಿ ಬಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಎಂಜಿನ್ ಮತ್ತೆ ಹೊತ್ತಿಸಲು ವಿನ್ಯಾಸಕರು ಹಾಕಿಕೊಟ್ಟ ಕ್ರಮವೇ ತಪ್ಪಿತ್ತು ಎಂದು ತನಿಖೆ ಹೇಳಿತು. ಈ ತಪ್ಪನ್ನು ನಾನು ತೇಲಿಸಿ ಮಾತಾಡುವುದಿಲ್ಲ. ಆದರೆ ಆ ಮೂವರು ಪ್ರಾಣ ಕೊಟ್ಟದ್ದು ಯಾವ ಕೆಲಸಕ್ಕೋ ಆ ಕೆಲಸವನ್ನು ಮುಗಿಸಬೇಕಿತ್ತು. ಕ್ರಮ ತಪ್ಪಿದ್ದರೆ ತಿದ್ದಿ ಹಾರಿಸಬೇಕಿತ್ತು. ನಾವು ಏನು ಮಾಡಿದೆವು? 2013ರ ಕೊನೆಗೆ ಹಣ ನಿಲ್ಲಿಸಿದೆವು. ತಿದ್ದಿದ ಮೊದಲ ಮಾದರಿ ಮತ್ತೆ ಹಾರಿದ್ದು 2018ರ ಜನವರಿ 24ರಂದು. ಅಷ್ಟರಲ್ಲಿ ಗೊತ್ತಿದ್ದ ಎಷ್ಟು ಜನ ರಿಟೈರ್ ಆಗಿರಬೇಡ? ಕಡತ ಕಪಾಟಿನಲ್ಲಿ ಉಳಿಯುತ್ತದೆ. ಯಾವ ಬೋಲ್ಟು ಯಾಕೆ ಅಲ್ಲಿದೆ ಅನ್ನುವುದು ಮನುಷ್ಯರ ತಲೆಯಲ್ಲಿರುತ್ತದೆ. ಅವರು ಹೋದರೆ ಅದೂ ಹೋಯಿತು.

ಬ್ರೆಜಿಲ್‌ನವರು ಏನು ಮಾಡಿದರು ನೋಡಿ. ನಮ್ಮ ಎನ್‌ಎಎಲ್‌ನಂಥದೇ ಒಂದು ಸರ್ಕಾರಿ ಸಂಶೋಧನಾ ಕೇಂದ್ರ ಅವರಲ್ಲೂ ಬಂದೆರಾಂಚಿ ಎಂಬ ಎರಡು ಎಂಜಿನ್‌ನ ಸಣ್ಣ ವಿಮಾನ ಮಾಡಿತು. 1968ರ ಅಕ್ಟೋಬರ್‌ನಲ್ಲಿ ಅದು ಹಾರಿತು. ಮರುವರ್ಷವೇ ಅದನ್ನು ತಯಾರಿಸಲು ಎಂಬ್ರಾಯರ್ ಕಂಪನಿ ಕಟ್ಟಿದರು. ಅವರ ವಾಯುಪಡೆ 80 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಕಾರ್ಖಾನೆಯಿಂದ ಹೊರಬಂದ ವಿಮಾನ ಮೊದಲ ಮಾದರಿಗಿಂತ ಎಷ್ಟೋ ಬದಲಾಗಿತ್ತು, ದೊಡ್ಡದಾಗಿತ್ತು. ಹಾಗೆ ಸುಮಾರು 500 ವಿಮಾನ ಕಟ್ಟಿದರು. ಮುಂದೆ ಅರ್ಜೆಂಟೀನಾ ಜೊತೆ ಸೇರಿ ಸಿಬಿಎ-123 ಮಾಡಿದರು. ಸರಸ್‌ನ ಹಾಗೇ ಬಾಲದ ಹತ್ತಿರ ಎಂಜಿನ್, ಹಿಂದಿನಿಂದ ತಳ್ಳುವ ಪ್ರೊಪೆಲ್ಲರ್, 19 ಸೀಟು. 1990ರಲ್ಲಿ ಹಾರಿತು. ಬೆಲೆ ವಿಪರೀತವಾಯಿತು, ಕೊಳ್ಳುವವರು ಸಿಗಲಿಲ್ಲ, ತಯಾರಿಕೆಗೆ ಬರಲೇ ಇಲ್ಲ. ಅವರು ಅಲ್ಲಿಗೇ ಕೈಚೆಲ್ಲಲಿಲ್ಲ. ಅದರಲ್ಲಿ ಕಲಿತದ್ದನ್ನು ಮುಂದಿನ ಜೆಟ್‌ಗೆ ಹಾಕಿದರು. 1995ರಲ್ಲಿ ಇಆರ್‌ಜೆ-145 ಹಾರಿತು. ಸೋಲು ಅವರಿಗೂ ಬಂತು. ಜನ ಚದುರಿಹೋಗಲು ಮಾತ್ರ ಅವರು ಬಿಡಲಿಲ್ಲ.

ನಮ್ಮಲ್ಲಿ ಈ ರೋಗ ಹಳೆಯದು. ಎಚ್‌ಎಎಲ್‌ನ ವಿನ್ಯಾಸಕ ಘಾಟಗೆಯವರ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಬೆಂಗಳೂರಿನ ಆಕಾಶ ಏರಿತ್ತು. 1961ರಲ್ಲಿ ಇದೇ ಊರಿನಲ್ಲಿ ಮಾರುತ್ ಯುದ್ಧವಿಮಾನ ಹಾರಿತು. 147 ಕಟ್ಟಿದರು, 1971ರ ಯುದ್ಧದಲ್ಲಿ ಅವು ಹೋರಾಡಿದವು. ಅದರ ಮುಂದಿನ ವಿಮಾನ? ಬರಲಿಲ್ಲ. ಮುಂದೆ ತೇಜಸ್ ಎಂದು ಹೆಸರಾದ ಹಗುರ ಯುದ್ಧವಿಮಾನ ಎಲ್‌ಸಿಎಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ, ಅದು ಹಾರಿದ್ದು 2001ರಲ್ಲಿ. ತೇಜಸ್ ತಡವಾಯಿತು ಎಂದು ಬೈಯುವವರು ಮಾರುತ್ ತಂಡವನ್ನು ಯಾಕೆ ಕೈಬಿಟ್ಟರು ಎಂದು ಕೇಳುವುದಿಲ್ಲ. ಇವತ್ತು ಏರ್‌ಬಸ್, ಬೋಯಿಂಗ್ ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ನಮ್ಮ ಹುಡುಗ ಹುಡುಗಿಯರು ಅಲ್ಲಿ ಕೂತು ಅವರ ವಿಮಾನಗಳ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಬರುತ್ತದೆ ಅಂತ ಪರದೇಶದವರಿಗೆ ಗೊತ್ತಾಗಿದೆ. ನಮಗೇ ನಂಬಿಕೆ ಇಲ್ಲ. ರಸ್ತೆ ಕೆಟ್ಟರೆ ಕಂಟ್ರಾಕ್ಟರನ್ನು ಬೈದು ಸುಮ್ಮನಾಗುವ ನಾವು, ಒಂದು ವಿಮಾನ ತಡವಾದರೆ ‘ನಮ್ಮವರ ಕೈಲಿ ಆಗಲ್ಲ’ ಎಂದು ಇಡೀ ನಾಡನ್ನೇ ಬೈಯುತ್ತೇವೆ. ನಿಮ್ಮ ಪತ್ರದಲ್ಲೂ ಅದೇ ದನಿ ಕೇಳಿಸಿತು. ಬೇಜಾರಾಯಿತು.

ಈಗ ಮಗಳ ವಿಷಯ. ಕ್ಷಮಿಸಿ, ಅವಳ ಮನಸ್ಸು ತಿರುಗಿಸುವ ಕೆಲಸ ನನ್ನಿಂದ ಆಗದು. ಅದೇ ಎನ್‌ಎಎಲ್‌ನ ಎರಡು ಸೀಟಿನ ‘ಹಂಸ’ 2000ದಲ್ಲೇ ಪ್ರಮಾಣಪತ್ರ ಪಡೆಯಿತು. ಅದರ ಹೊಸ ರೂಪ 2021ರಲ್ಲಿ ಹಾರಿತು. ಸರಸ್ ಕೂಡ ಎರಡನೆಯ ಸುತ್ತಿನಲ್ಲಿ 19 ಸೀಟಿನ ವಿಮಾನವಾಗಿ ಬರಬೇಕು ಎಂಬ ಯೋಜನೆ ಇದೆ. ಅದಕ್ಕೆ ಕೈಗಳು ಬೇಕು. ಓದಲಿ ಬಿಡಿ. ಗಣಿತ ಗಟ್ಟಿ ಮಾಡಿಕೊಳ್ಳಲಿ. ಕಾಲೇಜಿನಲ್ಲಿ ಕಂಪ್ಯೂಟರ್ ಮುಂದೆ ಮಾತ್ರ ಕೂರದೆ ವರ್ಕ್‌ಶಾಪ್‌ಗೆ ಹೋಗಿ ರಿವೆಟ್ ಹೊಡೆಯುವುದನ್ನೂ ಕಲಿಯಲಿ. ಬೆಂಗಳೂರಿಗೆ ಬಂದಾಗ ನಮ್ಮ ಕಚೇರಿಗೆ ಕರೆದುಕೊಂಡು ಬನ್ನಿ. ಆ ಶೀಟ್ ಮೆಟಲ್ ಹಿರಿಯರನ್ನು ಅವಳಿಗೆ ಪರಿಚಯ ಮಾಡಿಸುತ್ತೇನೆ.
– ಸಂ.